ಗೋಡೆ ನೋಡುತ್ತಿದ್ದ ಹಸು

ಕಳೆದ ಆಷಾಢದಲ್ಲಿ ಒಂದು ಹಸು ಮೂರು ದಿನ ನಮ್ಮ ಮನೆಯ ಗೋಡೆಯನ್ನೇ ನೋಡುತ್ತಾ ನಿಂತಿತ್ತು.

ಸರಿಯಾಗಿ ಮೇಯುತ್ತಿರಲಿಲ್ಲ. ಮಲಗುತ್ತಿರಲಿಲ್ಲ. ನಾನು ಬಟ್ಟೆ ಒಣಗಿಹಾಕಲು ಮಹಡಿಗೆ ಹೋದಾಗ (ಹೌದು, ರಿಟೈರ್ ಆದಮೇಲೆ ಆ ಖಾತೆ ನನ್ನದು) ಅದು ನನ್ನ ಕಡೆ ತಲೆಯೆತ್ತುತ್ತಲೂ ಇರಲಿಲ್ಲ. ಕಣ್ಣು ಗೋಡೆಯ ಮೇಲೆ. ಗೋಡೆಯೊಳಗೆ ಯಾರೋ ಇದ್ದಾರೆ, ಇನ್ನೇನು ಹೊರಗೆ ಬರುತ್ತಾರೆ ಅನ್ನುವ ಹಾಗೆ. ಗೋಡೆಯ ಈಚೆ ಇದ್ದದ್ದು ನಾನು, ನನ್ನ ಹೆಂಡತಿ ಮತ್ತು ನನ್ನ ಹೈ-ಫೈ.

ಹೈ-ಫೈ ವಿಷಯ ಮೊದಲು ಹೇಳಿಬಿಡುತ್ತೇನೆ. ಮಂಡ್ಯದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಫಿಸಿಕ್ಸ್ ಪಾಠ ಮಾಡಿ ಮಳವಳ್ಳಿಗೆ ಬಂದು ಕೂತವನು ನಾನು. ಕೈಗೆ ಬಂದ ಹಣದಲ್ಲಿ ಮಾಡಿದ ಒಂದೇ ಒಂದು ದುಂದುವೆಚ್ಚವೆಂದರೆ ಹಳೆಯ ವಾಲ್ವ್ ಆಂಪ್ಲಿಫೈಯರ್, ಒಂದು ರೆಕಾರ್ಡ್ ಪ್ಲೇಯರ್, ಬೀರುವಿನಷ್ಟು ಎತ್ತರದ ಎರಡು ಸ್ಪೀಕರ್. ತಂದು ಜೋಡಿಸಿ, ವೀಣೆಯ ರೆಕಾರ್ಡ್ ಇಟ್ಟು, ಕಣ್ಣು ಮುಚ್ಚಿ ಕೂತೆ. ವೀಣೆಗಿಂತ ಮೊದಲು ಬಂದದ್ದು ಗುಂಯ್ ಅನ್ನುವ ಸದ್ದು.

ತಪ್ಪು ಆಂಪ್ಲಿಫೈಯರ್ ಡಬ್ಬದ್ದಲ್ಲ, ಕರೆಂಟಿನದು ಎಂದು ತೀರ್ಮಾನಿಸಿದೆ. ನಮ್ಮೂರಿಗೆ ಬ್ಲಫ್ ಪವರ್‌ಹೌಸ್ ಎಷ್ಟು ಹತ್ತಿರ ಹೇಳಿ! ಕರೆಂಟು ಹುಟ್ಟುವ ಜಾಗ. ಆದರೂ ನಮ್ಮ ಮನೆಗೆ ಬರುವ ಹೊತ್ತಿಗೆ ಅದಕ್ಕೆ ಸುಸ್ತಾಗಿರುತ್ತದೆ. ಸ್ಟೆಬಿಲೈಸರ್ ತಂದೆ. ಮೀಟರ್ ಬೋರ್ಡಿನಿಂದ ಹೈ-ಫೈಗೆಂದೇ ಬೇರೆ ಲೈನ್ ಎಳೆಸಿದೆ, ದಪ್ಪ ತಾಮ್ರದ ವೈರು. ಒಳ್ಳೆಯ ಸಾಕೆಟ್ ಹಾಕಿಸಿದೆ. ಗುಂಯ್ ಹೋಗಲಿಲ್ಲ.

ಮದ್ದೂರಿನಿಂದ ಬಂದಿದ್ದ ಎಲೆಕ್ಟ್ರಿಷಿಯನ್ ಶಿವಲಿಂಗು ಕೊನೆಗೆ ಹೇಳಿದ, "ಅರ್ತಿಂಗ್ ಒಣಗೋಗದೆ ಸಾ. ಅಂಗ್ಳದಲ್ಲಿ ಒಂದ್ ಗುಂಡಿ ತೆಗೀಬೇಕು. ಇದ್ಲು, ಉಪ್ಪು ಆಕಿ, ತಾಮ್ರದ ಪ್ಲೇಟ್ ಇಳಿಸಿ, ದಿನಾ ನೀರ್ ಉಯ್ಬೇಕು. ಆಗ ಸರೋಯ್ತದೆ."

ನನ್ನ ಹೆಂಡತಿ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು. "ಆಷಾಢದಲ್ಲಿ ಅಂಗಳ ಅಗೆಸ್ತೀರಾ? ಶ್ರಾವಣ ಬರ್ಲಿ."

ಇಲ್ಲಿ ನಾನೊಂದು ಭಾಷಣ ಮಾಡಬೇಕಿತ್ತು. ಮೂಢನಂಬಿಕೆ ಬಗ್ಗೆ ಇದೇ ಅಂಕಣದಲ್ಲಿ ಎಷ್ಟು ಸಲ ನಿಮ್ಮ ತಲೆ ತಿಂದಿಲ್ಲ? ಆದರೆ ಶ್ರಾವಣದವರೆಗೆ ಕಾಯುವ ತಾಳ್ಮೆಯೂ ನನಗಿರಲಿಲ್ಲ, ಮನೆಯಲ್ಲಿ ಜಗಳವಾಡುವ ಶಕ್ತಿಯೂ ಇರಲಿಲ್ಲ. ಮಧ್ಯದ ದಾರಿ ಹಿಡಿದೆ. ನಮ್ಮ ಬೋರ್‌ವೆಲ್‌ನಿಂದ ಹೊರಟ ಕಬ್ಬಿಣದ ಪೈಪು ಕಣ್ಣೆದುರೇ ಇತ್ತು. ಅರ್ತ್ ವೈರನ್ನು ಸದ್ಯಕ್ಕೆ ಅದಕ್ಕೇ ಕಟ್ಟು ಅಂದೆ.

ಶಿವಲಿಂಗು ತಲೆ ಕೆರೆದುಕೊಂಡ. "ಬ್ಯಾಡ ಸಾ. ಪೈಪ್ಗೆಲ್ಲಾ ಕಟ್ಬಾರ್ದು."

"ನಾನು ಫಿಸಿಕ್ಸ್ ಮೇಷ್ಟ್ರು ಕಣಯ್ಯ," ಅಂದೆ. ಅವನು ಕಟ್ಟಿದ.

ಗುಂಯ್ ಹೋಯಿತು! ಎಂಥ ನಿಶ್ಶಬ್ದ ಅಂತೀರಿ. ತಂತಿಯ ಮೇಲೆ ಉಗುರು ತಾಗುವುದು ಕೇಳಿಸಿತು. ಮೀಟುವ ಮೊದಲು ವಿದ್ವಾಂಸರು ಉಸಿರೆಳೆದುಕೊಳ್ಳುವುದು ಕೇಳಿಸಿತು. ಅವರು ತೀರಿಕೊಂಡು ಎಷ್ಟೋ ವರ್ಷವಾಗಿದೆ. ಸತ್ತವರ ಉಸಿರು ನಮ್ಮ ಹಾಲ್‌ನಲ್ಲಿ, ನನ್ನ ಕುರ್ಚಿಯ ಪಕ್ಕದಲ್ಲೇ. ಮೈ ಜುಮ್ಮೆಂದಿತು, ಖುಷಿಯೂ ಆಯಿತು. ವಾಲ್ವ್ ಬಿಸಿಯಾಗಿದ್ದರೇ ಚೆನ್ನ ಎಂದು ಬೆಳಗಿನ ಕಾಫಿಗೆ ಹಚ್ಚಿದ ಆಂಪ್ಲಿಫೈಯರನ್ನು ಮಲಗುವಾಗಲೇ ಆರಿಸುತ್ತಿದ್ದೆ.

ಹಸು ನೀರು ಕುಡಿಯುವುದನ್ನು ಬಿಟ್ಟದ್ದು ಅದರ ಮಾರನೆಯ ದಿನದಿಂದ.

ಹಸು ಪಕ್ಕದ ಮನೆಯ ಪುಟ್ಟತಾಯಮ್ಮನದು. ಕಾಂಪೌಂಡ್ ಗೋಡೆಗೆ ಅಂಟಿಕೊಂಡಂತೆ ಅವರ ಸಿಮೆಂಟ್ ತೊಟ್ಟಿ. ಅದಕ್ಕೆ ನೀರು ನಮ್ಮ ಬೋರಿನಿಂದ. ಹಸು ಕರೆಯುವ ಕಾಲದಲ್ಲಿ ನಮಗೆ ಹಾಲು ಅವರಿಂದ. ಬಹಳ ವರ್ಷದ ರೂಢಿ. ಹಗಲೆಲ್ಲ ಹಸು ತೊಟ್ಟಿಯ ಹತ್ತಿರ, ಕತ್ತಲಾದರೆ ಕೊಟ್ಟಿಗೆಯಲ್ಲಿ. ಈಗ ಅದು ತುಂಬು ಗಬ್ಬ. ಇವತ್ತೋ ನಾಳೆಯೋ ಅನ್ನುವಂತಿತ್ತು.

"ಏನಾಗದೋ ಕಾಣೆ ಮೇಷ್ಟ್ರೇ," ಎಂದು ಪುಟ್ಟತಾಯಮ್ಮ ಗೋಡೆಯ ಮೇಲಿಂದ ಹೇಳಿದರು. "ತೊಟ್ಟಿ ತಾವ ಓಯ್ತದೆ, ನಾಲ್ಗೆ ಇಡ್ತದೆ, ಬೆಚ್ಬಿದ್ದು ಇಂದ್ಕೆ ಬತ್ತದೆ. ಬಾಂಡ್ಲೀಲಿ ಇಟ್ರೆ ಎಲ್ಡ್ ಗುಟ್ಕು, ಅಷ್ಟೇಯ. ಒಟ್ಟೇಲಿ ಕರ ಅದೆ. ಇಂಗೇ ಆದ್ರೆ ಎಲ್ಡೂ ಉಳಿಯಾಕಿಲ್ಲ."

ಡಾಕ್ಟರ್ ಬಂದು ನೋಡಿ ಹೋದರು. ಜ್ವರವಿಲ್ಲ, ಹೊಟ್ಟೆ ಉಬ್ಬರವಿಲ್ಲ. ಬಾಯಲ್ಲಿ ಹುಣ್ಣಿಲ್ಲ. ಎರಡನೆಯ ದಿನ ಹಸುವಿನ ಪಕ್ಕೆ ಒಳಗೆ ಎಳೆದುಕೊಂಡಿತ್ತು. ಆಷಾಢದ ಗಾಳಿ ಬೀಸಿ ಬೀಸಿ ತೊಟ್ಟಿಯ ನೀರಿನ ಮೇಲೆ ಧೂಳು ಕೂತಿತ್ತು. ಪುಟ್ಟತಾಯಮ್ಮ ನೀರು ಚೆಲ್ಲಿ, ಬರಿಗಾಲಲ್ಲಿ ತೊಟ್ಟಿಯೊಳಗೆ ಇಳಿದು, ತೆಂಗಿನ ನಾರಿನಲ್ಲಿ ತಿಕ್ಕಿ ತೊಳೆದರು. ಹೊಸ ನೀರು ತುಂಬಿಸಿದರು. ಹಸು ಮೂಸಿತು. ಮತ್ತೆ ಹಿಂದೆ ಸರಿದು ಗೋಡೆ ನೋಡಿತು.

"ನಲ್ಲಿ ಮುಟ್ಟುದ್ರೆ ನಂಗೂ ಬೆಳ್ಳು ಜುಮ್ ಅಂತದೆ ಮೇಷ್ಟ್ರೇ," ಅಂದರು.

"ಬಿ-ಟ್ವೆಲ್ವ್ ಕಮ್ಮಿ ಇರಬೇಕು. ಒಂದು ಬ್ಲಡ್ ಟೆಸ್ಟ್ ಮಾಡಿಸಿ," ಅಂದೆ ನಾನು. ಮೂವತ್ತು ವರ್ಷದ ಫಿಸಿಕ್ಸ್, ಸ್ವಾಮಿ!

ಮೂರನೆಯ ದಿನ ಮಧ್ಯಾಹ್ನ ದುದ್ದದ ಕಡೆಯಿಂದ ಶಾಸ್ತ್ರ ನೋಡುವ ಒಬ್ಬರನ್ನು ಕರೆಸಿದರು. ವಯಸ್ಸಾದವರು, ಮಾತು ಕಡಿಮೆ. ತಮಾಷೆ ನೋಡಲು ನಾನು ಮಹಡಿ ಹತ್ತಿದೆ. ಅಂಕಣಕ್ಕೆ ಒಳ್ಳೆ ಸರಕು ಸಿಗುತ್ತದಲ್ಲ!

ಅವರು ಗಂಟೆ ಬಾರಿಸಲಿಲ್ಲ, ಕುಣಿಯಲಿಲ್ಲ. ಚಪ್ಪಲಿ ಬಿಟ್ಟು, ತೊಟ್ಟಿಯ ಸುತ್ತ ನೀರು ಚೆಲ್ಲಿದ್ದ ನೆಲದಲ್ಲಿ ಒಂದೊಂದೇ ಹೆಜ್ಜೆ ಇಟ್ಟರು. ತೊಟ್ಟಿಯ ಅಂಚಿನ ಮೇಲೆ ಅಂಗೈ ಊರಿ ಸುಮ್ಮನೆ ನಿಂತರು. ಆಮೇಲೆ ಹಸು ನೋಡುತ್ತಿದ್ದ ಕಡೆಗೇ ಕೈ ತೋರಿಸಿದರು.

"ಈ ಗ್ವಾಡೆ ಆಚೆಯಿಂದ ಬತ್ತಾ ಅದೆ. ನೆಲದೊಳ್ಗೇ ಬತ್ತಾ ಅದೆ. ಆ ಮನೆಯೋರ್ಗೂ ಗೊತ್ತಿಲ್ಲ."

ನಾನು ಜೋರಾಗಿಯೇ ನಕ್ಕೆ. ಅವರು ತಲೆಯೆತ್ತಿ ಒಂದು ಸಲ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ತೊಟ್ಟಿಗೆ ನಿಂಬೆಹಣ್ಣು ನಿವಾಳಿಸಿ, ಗೋಡೆಯ ಬುಡಕ್ಕೆ ಅರಿಶಿನದ ನೀರು ಹಾಕಿ ಹೊರಟುಹೋದರು.

ಕೆಳಗೆ ಬಂದು ಅದೇ ವೀಣೆ ಹಾಕಿಕೊಂಡು ಕೂತೆ. ಅರ್ಧ ಆಗಿತ್ತು, ಕರೆಂಟು ಹೋಯಿತು. ವೀಣೆ ತೊದಲುತ್ತಾ ನಿಂತಿತು. ಫ್ಯಾನ್ ನಿಂತಿತು. ಆ ಮೌನದಲ್ಲಿ ಗೋಡೆಯ ಆಚೆಯಿಂದ ಒಂದು ಸದ್ದು ಬಂತು.

ಸೊರ್. ಸೊರ್. ಸೊರ್.

ಓಡಿ ಮಹಡಿ ಹತ್ತಿದೆ. ಹಸು ಮೂತಿಯನ್ನು ನೀರಿಗೆ ಅದ್ದಿ, ತಲೆಯೆತ್ತದೆ ಕುಡಿಯುತ್ತಿತ್ತು. ಅದರ ಗಂಟಲಲ್ಲಿ ಗುಟುಕು ಇಳಿಯುವುದು ಅಷ್ಟು ಮೇಲಿನಿಂದಲೂ ಕಾಣುತ್ತಿತ್ತು. ನಿಂಬೆಹಣ್ಣು ಕೆಲಸ ಮಾಡಿತೇ? ಒಂದು ಕ್ಷಣ ನನಗೂ ಹಾಗೇ ಅನ್ನಿಸಿತು, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ಕೆಳಗೆ ಸ್ಟೆಬಿಲೈಸರ್ ಟಕ್ ಅಂದಿತು. ಕರೆಂಟು ಬಂದಿತ್ತು. ಹಸು ಬೆಂಕಿ ಮುಟ್ಟಿದ ಹಾಗೆ ಮೂತಿ ಕಿತ್ತುಕೊಂಡು, ನಾಲ್ಕು ಹೆಜ್ಜೆ ಹಿಂದೆ ಹೋಗಿ, ನಡುಗುತ್ತಾ ನಿಂತಿತು. ನಮ್ಮ ಗೋಡೆಯನ್ನು ನೋಡುತ್ತಾ.

ಹೆಂಡತಿಯನ್ನು ಕೂಗಿ ಮಹಡಿಯಲ್ಲಿ ನಿಲ್ಲಿಸಿ, ನಾನು ಹಾಲ್‌ಗೆ ಬಂದು ಆಂಪ್ಲಿಫೈಯರ್ ಆರಿಸಿದೆ. ಫ್ಯಾನ್ ತಿರುಗುತ್ತಲೇ ಇತ್ತು. ಬಹಳ ಹೊತ್ತು ಏನೂ ಇಲ್ಲ.

"ಹತ್ರ ಬರ್ತಿದೆ ರೀ... ನಾಲಿಗೆ ಇಡ್ತು... ಕುಡೀತಿದೆ!"

ಸ್ವಿಚ್ ಹಾಕಿದೆ.

"ಅಯ್ಯೋ," ಅಂದಳು ಮೇಲಿನಿಂದ. ಆಮೇಲೆ ಮೆಲ್ಲಗೆ, "ರೀ, ಇನ್ನೊಂದ್ಸಲ ಹಾಕಬೇಡಿ."

ಹಾಕಲಿಲ್ಲ. ಪ್ಲಗ್ ಕಿತ್ತೆ. ಹೊರಗೆ ಹೋಗಿ ಪೈಪಿನ ವೈರನ್ನೂ ಕಿತ್ತೆ.

ಸಂಜೆಯೊಳಗೆ ಶಿವಲಿಂಗು ಬಂದು ಎಲ್ಲ ಬಿಚ್ಚಿ ತೋರಿಸಿದ. ಹಳೇ ಆಂಪ್ಲಿಫೈಯರ್‌ನ ಟ್ರಾನ್ಸ್‌ಫಾರ್ಮರ್ ಒಳಗೇ ಸೋರುತ್ತಿತ್ತು. ಸೋರಿದ ಕರೆಂಟು ಡಬ್ಬದ ಮೈಗೆ, ಅಲ್ಲಿಂದ ಅರ್ತ್ ವೈರಿಗೆ, ವೈರಿನಿಂದ ಪೈಪಿಗೆ. ಪೈಪಿನಿಂದ ನೇರ ಭೂಮಿಯ ಆಳಕ್ಕೆ ಹೋಗುತ್ತದೆ ಎಂದು ನನ್ನ ಲೆಕ್ಕ. ಆದರೆ ಬೋರಿನೊಳಗೆ ಇಳಿಸಿದ್ದು ಪ್ಲಾಸ್ಟಿಕ್ ಪೈಪು! ಕಬ್ಬಿಣ ಇದ್ದದ್ದು ಬೋರಿನ ಬಾಯಿಂದ ಪುಟ್ಟತಾಯಮ್ಮನ ತೊಟ್ಟಿಯವರೆಗೆ ಮಾತ್ರ. ನನ್ನ ಮನೆಯ ಗುಂಯ್ ಎಲ್ಲೂ ಹೋಗಿರಲಿಲ್ಲ. ತೊಟ್ಟಿಯ ನೀರಿನಲ್ಲಿ ಕೂತಿತ್ತು.

"ಅಸಕ್ಕೆ ಒಸಿ ಕರೆಂಟ್ ಆದ್ರೂ ತಿಳೀತದೆ ಸಾ," ಅಂದ ಶಿವಲಿಂಗು. "ಆದ್ರೆ ಅವಮ್ಮ ಬರಿಗಾಲಲ್ಲಿ ತೊಟ್ಟಿ ಒಳ್ಗೇ ಇಳ್ದಿದ್ರಲ್ಲಾ. ಆವತ್ತೇ ಈ ಟ್ರಾನ್ಸ್‌ಫಾರ್ಮರ್ ಪೂರಾ ಸುಟ್ಟೋಗಿದ್ರೆ?"

ಮಾರನೆಯ ಬೆಳಿಗ್ಗೆ ಆಷಾಢದಲ್ಲೇ ಅಂಗಳ ಅಗೆಸಿದೆವು. ಗುದ್ದಲಿಯನ್ನು ಹಿತ್ತಲಿನಿಂದ ತಂದುಕೊಟ್ಟವಳು ನನ್ನ ಹೆಂಡತಿ.

ಆ ಶಾಸ್ತ್ರದವರಿಗೆ ಹೇಗೆ ಗೊತ್ತಾಯಿತು? ಇದನ್ನು ದಿನವೂ ಕೇಳಿಕೊಳ್ಳುತ್ತೇನೆ. ಉತ್ತರ ಸುಲಭವಿರಬಹುದು. ಅವರು ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಹಸುವಿನ ಮಾತನ್ನು ನಂಬಿದರು. ನಾನು ರಬ್ಬರ್ ಚಪ್ಪಲಿ ಹಾಕಿಕೊಂಡು ಮಹಡಿಯಲ್ಲಿ ನಿಂತು ನಕ್ಕೆ. ಇಷ್ಟೇ ಇರಬಹುದು. ಆದರೂ ಅವರು ನನ್ನ ಕಡೆ ನೋಡಿದ ಆ ನೋಟ ಮಾತ್ರ ಮರೆಯುತ್ತಿಲ್ಲ. ನಾವು ನಮ್ಮ ಮನೆಯನ್ನು ಎಷ್ಟು ಚೊಕ್ಕ ಮಾಡಿಕೊಳ್ಳುತ್ತೇವೆ! ಕಸ, ಹೊಗೆ, ಸದ್ದು, ಎಲ್ಲವನ್ನೂ ಆಚೆಗೆ ಹಾಕುತ್ತೇವೆ. ಆಚೆ ಅಂದರೆ ಯಾರ ಮನೆ ಎಂದು ಎಷ್ಟು ಸಲ ಬಗ್ಗಿ ನೋಡಿದ್ದೇವೆ?

ಆರನೆಯ ದಿನ ಹಸು ಹೆಣ್ಣು ಕರು ಹಾಕಿತು. ಎರಡೂ ಚೆನ್ನಾಗಿವೆ. ಪುಟ್ಟತಾಯಮ್ಮ ಒಂದು ಬಟ್ಟಲು ಗಿಣ್ಣು ತಂದುಕೊಟ್ಟರು. ಜೊತೆಗೆ ಕೆಂಪು ದಾರದಲ್ಲಿ ಕಟ್ಟಿದ ಒಂದು ನಿಂಬೆಹಣ್ಣು.

"ಪೀಡೆ ನಮ್ಮನೇಲಿ ಓಯ್ತು, ನಿಮ್ಮನೇಲಿ ಉಳ್ಕಂಡಿದ್ರೆ ಏನ್ ಗತಿ ಅಂತ ಯೋಚ್ನೆ ಆಯ್ತು ಮೇಷ್ಟ್ರೇ. ಮಂತ್ರಿಸ್ಕಂಡ್ ಬಂದಿವ್ನಿ, ಬಾಗ್ಲಿಗೆ ಕಟ್ಕಳಿ. ನಗಬ್ಯಾಡಿ."

ನಗಲಿಲ್ಲ. ಹೇಳಿಬಿಡಿ ಎಂದು ಹೆಂಡತಿ ಕಣ್ಣಲ್ಲೇ ಸನ್ನೆ ಮಾಡಿದಳು. ಬಾಯಿ ತೆರೆದೆ. ಅವರ ಕಾಲು ಕಾಣಿಸಿತು, ಅವತ್ತೂ ಬರಿಗಾಲು. ಗಿಣ್ಣು ಚೆನ್ನಾಗಿದೆ ಅಂದೆ. ನಿಂಬೆಹಣ್ಣನ್ನು ನಾನೇ ಸ್ಟೂಲ್ ಹತ್ತಿ ಬಾಗಿಲಿಗೆ ಕಟ್ಟಿದೆ.

ಇಲ್ಲಿ ಮಾತ್ರ ಏನೂ ಮುಚ್ಚಿಡದೆ, ನಿಮ್ಮೆಲ್ಲರೆದುರು ಧೈರ್ಯವಾಗಿ ತಪ್ಪೊಪ್ಪಿಕೊಂಡಿದ್ದೇನೆ.

ಪುಟ್ಟತಾಯಮ್ಮನ ಮನೆಗೆ ಪೇಪರ್ ಬರುವುದಿಲ್ಲ.