ರೈಟರ್ ಕಲ್ಲೇಶಪ್ಪನವರು ನಾಯಿಯ ಬೊಗಳು ನಿಲ್ಲಿಸಿದ್ದು

ನಮ್ಮ ಬೇಲಿಯಾಚೆಯ ಕಲ್ಲೇಶಪ್ಪನವರಿಗೆ ಎಪ್ಪತ್ತೊಂದು ವರ್ಷ. ಸಿದ್ದಾಪುರದ ಸುತ್ತ ರೈಟರ್ ಎಂದರೆ ಮಾತ್ರ ಅವರ ಗುರುತು ಸಿಗುತ್ತದೆ. ಶನಿವಾರಸಂತೆ ಕಡೆಯಿಂದ ಬಂದು ಮೂವತ್ನಾಲ್ಕು ವರ್ಷ ಒಂದೇ ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಹಿಡಿದವರು. ಬೆಳಿಗ್ಗೆ ಲೈನ್ ಮನೆಗಳ ಆಳುಗಳು ಸಾಲಾಗಿ ನಿಂತರೆ ಒಬ್ಬರೂ ಕೆಮ್ಮುವಂತಿರಲಿಲ್ಲವಂತೆ. ಬಾಯಿ ಜೋರಿದ್ದ ಹೆಂಗಸರನ್ನು ಅವರು ಬೈಯುತ್ತಿರಲಿಲ್ಲ. ಪಿಕಿಂಗ್‌ಗೆ ತೋಟದ ಎಲ್ಲಕ್ಕಿಂತ ದೂರದ ಬ್ಲಾಕಿಗೆ ಹಾಕುತ್ತಿದ್ದರು, ಅಷ್ಟೆ. ಅಲ್ಲಿ ಎಷ್ಟು ಕೂಗಿದರೂ ಧಣಿಯ ಬಂಗಲೆಗೆ ಕೇಳದು. ಇದನ್ನು ಅವರೇ ನಗುತ್ತಾ ನನಗೆ ಹೇಳಿದ್ದಾರೆ. ‘ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು’ ಎಂಬುದು ಅವರ ಬಾಯಲ್ಲಿ ಸದಾ ಇರುವ ಗಾದೆ. ಯಾರ ಮೇಲೂ ಕೈ ಎತ್ತಿದವರಲ್ಲ ಎಂಬುದು ಅವರ ಹೆಮ್ಮೆ. ಎತ್ತಿದ್ದರೇ ವಾಸಿಯಿತ್ತೇನೋ.

ಹೆಂಡತಿ ವಿಶಾಲಾಕ್ಷಮ್ಮ. ಬೇಲಿಗೆ ಒರಗಿ ನಿಂತರೆ ಒಲೆಯ ಮೇಲಿನ ಹಾಲು ಉಕ್ಕಿದರೂ ಮಾತು ಮುಗಿಸದ ಹೆಂಗಸು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದವು. ಬುದ್ಧಿ ಮಾತ್ರ ಚೂರೂ ಮಸುಕಾಗಲಿಲ್ಲ. ಅವರನ್ನು ಹಜಾರದ ಮಂಚದಲ್ಲಿ ಮಲಗಿಸಿದ್ದರು. ಮಂಚದ ಕೆಳಗೆ ಕೆಂಚಿ. ಮಕ್ಕಳಿಲ್ಲದ ಮನೆಯಲ್ಲಿ ವಿಶಾಲಾಕ್ಷಮ್ಮ ಅಕ್ಕಿರೊಟ್ಟಿ ಮುರಿದು ಹಾಕಿ ಬೆಳೆಸಿದ ನಾಟಿ ನಾಯಿ ಅದು.

ಈ ಕೆಂಚಿ ಬೊಗಳುತ್ತಿತ್ತು. ಬೆಳಿಗ್ಗೆ ರೈಟರು ಲಿಂಗಪೂಜೆಗೆ ಕೂತರೆ ಸಾಕು, ಶುರು. ಸಂಜೆ ನಾನು ಹನ್ನೊಂದು ಮಕ್ಕಳಿಗೆ ಟ್ಯೂಷನ್ ಹೇಳುವಾಗಲೂ ಅದೇ ಗಲಾಟೆ. ನನ್ನ ತಲೆ ಕೆಟ್ಟುಹೋಗುತ್ತಿತ್ತು. ಒಂದು ದಿನ ಬೇಲಿಯ ಬಳಿ ನಿಂತು ಕೇಳಿಯೇ ಬಿಟ್ಟೆ.

“ರೈಟ್ರೇ, ನಿಮ್ಮ ನಾಯಿ ಬಾಯಿ ಒಂಚೂರು ಮುಚ್ಸಿ. ಮಕ್ಳಿಗೆ ಮಗ್ಗಿನೇ ತಲೆಗೆ ಹತ್ತಲ್ಲ.”

ಹೌದು, ಅದನ್ನು ಹೇಳಿದವಳು ನಾನೇ. ಈಗ ಮುಚ್ಚಿಟ್ಟು ಏನು ಪ್ರಯೋಜನ.

ಅವರು ನಾಯಿಯ ಮುಖಕ್ಕೆ ನೀರೆರಚಿದರು. ಡಬ್ಬಿಗೆ ಕಲ್ಲು ತುಂಬಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಗೋಣಿದಾರದಿಂದ ಅರ್ಧ ದಿನ ಮೂತಿ ಕಟ್ಟಿದರು. ಬಿಚ್ಚಿದ ಮೇಲೆ ಕೆಂಚಿ ದುಪ್ಪಟ್ಟು ಬೊಗಳಿತು. ಕೊನೆಗೆ ದನದ ಡಾಕ್ಟರ್ ಕೀರ್ತಿಕುಮಾರ್ ಅವರನ್ನು ಕರೆಸಿದರು. ಆ ಹುಡುಗ ಒಳ್ಳೆಯವನು. ನಾಯಿಯ ಮೂತಿಯ ಮೇಲಿನ ಗಾಯಕ್ಕೆ ಮುಲಾಮು ಹಚ್ಚುತ್ತಲೇ ಹೇಳಿದ.

“ಹಿಂಸೆ ಕೊಟ್ರೆ ಜಾಸ್ತಿ ಆಗ್ತದೆ ಅಂಕಲ್. ನಾಯಿ ಸುಮ್ಸುಮ್ನೆ ಬೊಗಳಲ್ಲ. ಯಾವಾಗ ಬೊಗಳ್ತದೆ, ಆಗ ಏನಾಯ್ತಿತ್ತು ಅಂತ ಎರಡು ವಾರ ಬರೆದಿಡಿ. ಕಾರಣ ಗೊತ್ತಾದ್ರೆ ಕಾರಣ ತೆಗೀರಿ. ತಾನಾಗೇ ನಿಲ್ತದೆ.”

ಬರೆಯುವ ಕೆಲಸವನ್ನು ಕಲ್ಲೇಶಪ್ಪನವರಿಗೆ ಹೇಳಿಕೊಡಬೇಕೆ? ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಗೆ ಗೆರೆ ಎಳೆದು, ಹದಿನಾಲ್ಕು ದಿನ ಒಂದು ಬೊಗಳೂ ತಪ್ಪದಂತೆ ಬರೆದರು. ಹದಿನೈದನೆಯ ದಿನ ಅದನ್ನು ನನಗೆ ತೋರಿಸಿದರು. ಮುತ್ತು ಪೋಣಿಸಿದಂಥ ಅಕ್ಷರ.

ವಿರಾಜಪೇಟೆ ಬಸ್ಸು ಹೋಯಿತು: ಬೊಗಳಿಲ್ಲ. ಮಂಗ ಬಂತು: ಎರಡು ಸಲ, ನಿಂತಿತು. ಬೆಳಿಗ್ಗೆ 6.40, ಇವಳ ಬಟ್ಟೆ ಒದ್ದೆ: ನಿಲ್ಲಿಸದೆ ಬೊಗಳಿತು. 11.15, ಇವಳ ಕೈಯಿಂದ ನೀರಿನ ಲೋಟ ಬಿತ್ತು: ಬೊಗಳಿತು. 4.50, ಇವಳು ಮಂಚದಿಂದ ಅರ್ಧ ಜಾರಿದ್ದಳು: ನಾನು ಬರುವವರೆಗೆ ಬೊಗಳಿತು.

ಆ ಸಾಲುಗಳನ್ನು ಇನ್ನೊಮ್ಮೆ ಓದಿದೆ. ಮಾತು ಹೋದ ಹೆಂಗಸಿನ ಪರವಾಗಿ ಕೆಂಚಿ ಇಷ್ಟು ದಿನ ಜನರನ್ನು ಕರೆಯುತ್ತಿತ್ತು. ನಾವಿಬ್ಬರೂ ಅದರ ಬಾಯಿ ಕಟ್ಟಲು ಹೊರಟಿದ್ದೆವು.

“ಕಾರಣ ಸಿಕ್ತು ನೋಡಿ ಟೀಚರ್” ಎಂದರು. ಮುಖದಲ್ಲಿ ಸಂತೋಷವಿತ್ತು. ಸದ್ಯ, ಕಲ್ಲು ಕರಗಿತು ಎಂದುಕೊಂಡೆ. ಇನ್ನು ಕೆಂಚಿ ಕರೆದಾಗಲೆಲ್ಲ ಪೂಜೆಯಿಂದಾದರೂ ಎದ್ದು ಹೋಗುತ್ತಾರೆ ಎಂದು ನಂಬಿ ಮನೆಗೆ ಬಂದೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಮರುದಿನವೇ ನಾಲ್ಕು ಆಳುಗಳು ಬಂದು ವಿಶಾಲಾಕ್ಷಮ್ಮನ ಸಮೇತ ಮಂಚ ಎತ್ತಿದರು. ಮನೆಯ ಹಿತ್ತಲಲ್ಲಿ ಕಾಫಿ ಒಣಗಿಸುವ ಕಣದ ಹಿಂದೆ, ಮೆಣಸಿನ ಮೂಟೆ ಇಡುವ ಗೋದಾಮಿನಲ್ಲಿ ಅದನ್ನು ಹಾಕಿದರು. ಕೆಂಚಿಯನ್ನು ಮುಂದಿನ ಗೇಟಿಗೆ ಸರಪಳಿಯಲ್ಲಿ ಕಟ್ಟಿದರು. ಅದು ಮೂರು ದಿನ ಹಿಂದಕ್ಕೆ ಜಗ್ಗಿ ಜಗ್ಗಿ ಬೊಗಳಿತು. ಆಮೇಲೆ ನಿಲ್ಲಿಸಿತು. ನೋಡಲು ಏನೂ ಇಲ್ಲ, ಮೂಸಲು ಏನೂ ಇಲ್ಲ, ಇನ್ನು ಯಾರಿಗಾಗಿ ಬೊಗಳಬೇಕು?

ನಾನು ತಕ್ಷಣ ಹೋಗಿ ಕೇಳಲಿಲ್ಲ. ನಿಜ ಹೇಳಬೇಕೆಂದರೆ, ಆ ವಾರ ಪಾಠ ಬಹಳ ಚೆನ್ನಾಗಿ ನಡೆಯಿತು. ಎಂಟನೆಯ ದಿನ, ಎರಡೂ ಮನೆಗೆ ಬಟ್ಟೆ ಒಗೆಯಲು ಬರುವ ಕಾಳಮ್ಮ ನಮ್ಮ ಅಂಗಳದಲ್ಲಿ ಕೂತು ಕಣ್ಣೊರೆಸಿಕೊಂಡಳು. “ಅಮ್ಮೋರ್ನ ಒಂದ್ಸಲ ನೋಡ್ಕಂಡ್ ಬನ್ನಿ ಟೀಚರಮ್ಮ” ಎಂದಳು.

ಕಲ್ಲೇಶಪ್ಪನವರು ಸಂತೋಷದಿಂದಲೇ ಕರೆದುಕೊಂಡು ಹೋದರು. ಬಾಗಿಲು ತೆಗೆದ ಕೂಡಲೇ ಮೆಣಸಿನ ಘಾಟು, ಅದರ ಜೊತೆಗೆ ಉಚ್ಚೆಯ ವಾಸನೆ. ವಿಶಾಲಾಕ್ಷಮ್ಮನ ಸೀರೆ ಸೊಂಟದಿಂದ ಕೆಳಗೆ ಒದ್ದೆಯಾಗಿತ್ತು. ಎಡಗೈಯ ಗೆಣ್ಣುಗಳು ಸುಲಿದಿದ್ದವು. ಮಂಚದ ಪಕ್ಕದ ಗೋಡೆಯ ಸುಣ್ಣ ಆ ಕೈ ಬಡಿಯುವ ಎತ್ತರದಲ್ಲೇ ಉದುರಿತ್ತು.

“ಒದ್ದೆಯಾಗಿದೆಯಲ್ಲ ರೈಟ್ರೇ” ಎಂದೆ.

ಅವರು ಕೈಗಡಿಯಾರ ನೋಡಿದರು. “ಹನ್ನೆರಡೂವರೆಗೆ ಕಾಳಮ್ಮ ಬದಲಾಯಿಸ್ತಾಳೆ. ದಿನಕ್ಕೆ ಮೂರು ಹೊತ್ತು, ಒಂದು ದಿನಾನೂ ತಪ್ಸಿಲ್ಲ. ಇನ್ನೂ ಮುಕ್ಕಾಲು ಗಂಟೆ ಅದೆ.”

ವಿಶಾಲಾಕ್ಷಮ್ಮ ನನ್ನನ್ನೇ ನೋಡುತ್ತಿದ್ದರು. ಬಾಯಿಯ ಎಡತುದಿ ಅಲುಗಿತು, ಗಂಟಲಲ್ಲಿ ಏನೋ ಹೊರಳಿತು. ನಾನು ಬಾಯಿ ಬಿಡಬೇಕಿತ್ತು. ಕೆಂಚಿಯನ್ನಾದರೂ ಇಲ್ಲಿಗೆ ಬಿಡಿ, ಅದು ಎಷ್ಟು ಬೊಗಳಿದರೂ ನನಗೇನೂ ಆಗದು ಎಂದು ಒಂದು ಮಾತು. ನಾಲಗೆಯ ತುದಿಯವರೆಗೆ ಬಂದಿತ್ತು ಕೂಡ.

ಅಷ್ಟರಲ್ಲಿ ಅವರು ನನ್ನ ಕಡೆ ತಿರುಗಿದರು.

“ನೀವು ಹೇಳಿದ್ದಕ್ಕೆ ಅಲ್ವಾ ಇಷ್ಟೆಲ್ಲ ಮಾಡಿದ್ದು. ಈಗ ಪಾಠಕ್ಕೆ ತೊಂದ್ರೆ ಇಲ್ವಲ್ಲ ಟೀಚರ್?”

“ಇಲ್ಲ ರೈಟ್ರೇ” ಎಂದೆ.

ವಿಶಾಲಾಕ್ಷಮ್ಮ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು.