ಮಹದೇವಪ್ಪ ಹಿಂದಿನ ಸೀಟಿಗೆ ಕೂತದ್ದು

ಚೆಟ್ಟಳ್ಳಿಯ ಕಾಫಿ ವ್ಯಾಪಾರಿಯೊಬ್ಬರ ಗೋಡೌನಿನಲ್ಲಿ ಮೂವತ್ತು ವರ್ಷದಿಂದ ಮೂಟೆ ಪರೀಕ್ಷೆ ಮಾಡುವ ಮಹದೇವಪ್ಪನಿಗೆ ಯಾರನ್ನೂ ನಂಬಿ ಅಭ್ಯಾಸವಿಲ್ಲ. ಮೂಟೆ ಬಿಚ್ಚಿದರೆ ಮೇಲಿನ ಕಾಫಿ ಮುಟ್ಟುವ ಆಸಾಮಿಯೇ ಅಲ್ಲ. ಅಂಗಿಯ ತೋಳು ಮಡಚಿ, ಮೊಣಕೈ ಮುಳುಗುವ ತನಕ ಕೈ ಇಳಿಸಿ, ತಳದಿಂದ ಒಂದು ಹಿಡಿ ಎಳೆದು ಮೂಸಬೇಕು. ಮೇಲೆ ಒಣಗಿದ್ದು, ಕೆಳಗೆ ಹಸಿ ತುಂಬಿ ತರುವವರನ್ನು ಬೇಕಾದಷ್ಟು ಕಂಡಿದ್ದಾನೆ. ಇರಲಿ, ಅದು ಕೆಲಸ. ಮನೆಗೆ ಬಂದ ಮೇಲೂ ಹಾಲು, ಕರೆಂಟ್ ಬಿಲ್ಲು, ಬೀಗರ ನಗು, ಎಲ್ಲದರ ತಳಕ್ಕೂ ಕೈ ಹಾಕುವವನಿಗೆ ಏನು ಹೇಳೋಣ!

ಇಂಥವನು ಬೈಕು ಕೊಳ್ಳಲು ಹೊರಟ. ಹೆಂಡತಿ ಕಾಂತಮ್ಮನ ಸೊಂಟದ ಡಿಸ್ಕ್ ಜಾರಿತ್ತು. ವಾರಕ್ಕೆ ಮೂರು ದಿನ ಮಡಿಕೇರಿಗೆ ಫಿಸಿಯೋಥೆರಪಿಗೆ ಹೋಗಬೇಕು. "ನಿಮ್ಮ ಈ ಹಳೇ ಬೈಕ್ ಬೇಡ. ಹಿಂದಿನ ಶಾಕ್ ಅಬ್ಸಾರ್ಬರ್ ಮೆತ್ತಗಿರೋ ಬೇರೆ ಬೈಕ್ ನೋಡಿ. ಇನ್ನೊಂದು ಕೆಟ್ಟ ಏಟು ಬಿದ್ರೆ ಆಪರೇಷನ್ನೇ ಗತಿ," ಎಂದಿದ್ದರು ಡಾಕ್ಟರು. ಡಾಕ್ಟರಿಗೂ ಶೋರೂಮಿಗೂ ಏನಾದರೂ ಒಳಸಂಬಂಧ ಇರಬಹುದೇ ಎಂದು ಮಹದೇವಪ್ಪ ಇಡೀ ದಿನ ತಲೆ ಕೆಡಿಸಿಕೊಂಡ.

ಮೂರು ಶೋರೂಂ ಸುತ್ತಿದ. ಮೂರನೆಯದರಲ್ಲಿ ಪ್ರಜ್ಞೇಶ್ ಎಂಬ ಸೇಲ್ಸ್‌ಮನ್ ಸೀಟು ತಟ್ಟಿ, "ಸೋಫಾ ಮೇಲೆ ಕೂತಂಗೆ ಸರ್!" ಎಂದ.

"ನಿಮ್ಮ ಸೋಫಾನ ಪೈಪ್‌ಲೈನಿಗೆ ಅಗೆದಿದಾರಲ್ಲ, ಆ ರೋಡಲ್ಲಿ ನೋಡೋಣ. ಜೊತೆಗೆ ಇದೂ ಬರುತ್ತೆ," ಎಂದು ಮಹದೇವಪ್ಪ ಆಟೋದಿಂದ ಕಾಫಿ ಮೂಟೆ ಇಳಿಸಿದ. ಐವತ್ತು ಕೆಜಿ. ಕಾಂತಮ್ಮನ ತೂಕವೂ ಅಷ್ಟೇ. ಮೊದಲೆರಡು ಶೋರೂಮಿನಲ್ಲಿ ಮಾಡಿದಂತೆಯೇ ಇಲ್ಲೂ ಮೂಟೆಯನ್ನು ಹಿಂದಿನ ಸೀಟಿಗೆ ಬಿಗಿದು ಗುಂಡಿ ಗುಂಡಿಗೂ ಇಳಿಸಿ ಹತ್ತಿಸಿದ. ಆದರೆ ಮೂರು ಬೈಕಿನಲ್ಲೂ ಮೂಟೆ ಅಲುಗಲಿಲ್ಲ, ಹೊಲಿಗೆ ಬಿಡಲಿಲ್ಲ. ಮೂರೂ ಒಳ್ಳೆಯವೇ? ಅದು ಹೇಗೆ ಸಾಧ್ಯ? ಎಲ್ಲೋ ಮೋಸ ಇದೆ ಅನ್ನಿಸಿತು.

ಮಾರನೇ ದಿನ ಕಾಂತಮ್ಮನನ್ನೇ ಕರೆದುಕೊಂಡು ಹೋದ. ಮೊದಲನೆಯದಕ್ಕೆ ಅವಳು "ಚೆನ್ನಾಗಿದೆ ಕಣ್ರೀ" ಎಂದಳು. ಎರಡನೆಯದಕ್ಕೂ ಅದೇ ಮಾತು. ಪ್ರಜ್ಞೇಶನ ಬೈಕಿನಲ್ಲಿ ಹೋಗುವಾಗ ಕನ್ನಡಿಯಲ್ಲಿ ನೋಡಿದರೆ ತುಟಿ ಕಚ್ಚಿಕೊಂಡಿದ್ದಾಳೆ. ಇಳಿದ ಮೇಲೆ ಮತ್ತೆ, "ಚೆನ್ನಾಗಿದೆ ಕಣ್ರೀ, ಇದೇ ಇರಲಿ."

ಇವಳೂ ಸುಳ್ಳು ಹೇಳುತ್ತಿದ್ದಾಳೆ! ಮಹದೇವಪ್ಪನಿಗೆ ರೇಗಿಹೋಯಿತು. ಪ್ರಜ್ಞೇಶನ ಕೈಗೆ ಕೀ ಕೊಟ್ಟು, "ನೀವು ಓಡಿಸಿ. ನಾನು ಹಿಂದೆ ಕೂರ್ತೀನಿ," ಎಂದ.

ಸ್ವಂತ ಬೈಕು ತಗೊಂಡ ಮೇಲೆ ಅವನು ಯಾರ ಹಿಂದೆಯೂ ಕೂತವನಲ್ಲ. ಓಡಿಸುವವನಿಗೆ ಗುಂಡಿ ಮೊದಲೇ ಕಾಣುತ್ತದೆ, ಕಾಲ ಮೇಲೆ ಭಾರ ಹಾಕಿ ಕೊಂಚ ಎದ್ದುಬಿಡುತ್ತಾನೆ. ಹಿಂದೆ ಕೂತವರಿಗೆ ಕಾಣುವುದು ಮುಂದಿನವನ ಬೆನ್ನು ಮಾತ್ರ. ಮೊದಲ ಗುಂಡಿಗೇ ಏಟು ಸೊಂಟದಿಂದ ನೆತ್ತಿಯ ತನಕ ಏರಿತು. "ಅಯ್ಯಯ್ಯೋ, ನಿಲ್ಸಪ್ಪಾ!" ಎಂದು ಕೂಗಿಕೊಂಡ.

ಕಾಂತಮ್ಮ ಶೋರೂಮಿನ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಅವನು ಸೊಂಟ ಹಿಡಿದುಕೊಂಡೇ ಬಂದು ಎದುರು ನಿಂತ.

"ಜೀವ ಬಾಯಿಗೆ ಬಂತಲ್ಲೇ! ಇದನ್ನ ಚೆನ್ನಾಗಿದೆ ಅಂದ್ಯಾ? ಯಾಕೆ ಸುಳ್ಳು ಹೇಳ್ದೆ?"

ಅವಳು ದನಿ ಏರಿಸಲಿಲ್ಲ. "ಆರು ವರ್ಷದ ಹಿಂದೆ, ಸೊಂಟ ನೋವು, ಬೈಕಲ್ಲಿ ಕೂರಕ್ಕಾಗಲ್ಲ ಅಂದಿದ್ದೆ. 'ನಮ್ಮಕ್ಕನ ಮನೆಗೆ ಬರದೆ ತಪ್ಪಿಸ್ಕೊಳಕ್ಕೆ ನಾಟಕ ಆಡ್ತೀಯ' ಅಂದ್ರಿ. ಅಷ್ಟು ದೂರ, ಶನಿವಾರಸಂತೆಯ ಅವರ ಮನೆ ತನಕ ಕೂರಿಸ್ಕೊಂಡು ಹೋದ್ರಿ. ಆಮೇಲೆ ನಾನು ಯಾವತ್ತಾದ್ರೂ ನೋವು ಅಂದಿದೀನಾ?"

ಮಹದೇವಪ್ಪ ನೆನಪು ಮಾಡಿಕೊಂಡ. ಅಂದಿರಲಿಲ್ಲ. ಡಿಸ್ಕ್ ಜಾರಿ, ಮಂಚದಿಂದ ಏಳಲಾಗದ ದಿನವೂ "ಸ್ವಲ್ಪ ಸುಸ್ತು" ಎಂದಷ್ಟೇ ಹೇಳಿದ್ದಳು.

ಪ್ರಜ್ಞೇಶ್ ಮೆಲ್ಲಗೆ ಇನ್ನೊಂದು ಬೈಕು ಈಚೆ ತಂದ. ಇದರ ಸೀಟು ಅಗಲ, ಹಿಂದಿನ ಶಾಕ್ ಅಬ್ಸಾರ್ಬರನ್ನೂ ಒಂದಷ್ಟು ಸಡಿಲ ಮಾಡಿಸಿದ್ದ. ಮಹದೇವಪ್ಪ ಹೆಂಡತಿಯನ್ನು ಕೈಹಿಡಿದು ಕೂರಿಸಿದ.

"ನೋವಾದ್ರೆ ನನ್ನ ಬೆನ್ನಿಗೆ ಒಂದು ಗುದ್ದು ಕೊಡು. ಬಾಯಲ್ಲಿ ಹೇಳೋದೇನೂ ಬೇಡ."

ಅವಳು ಅವನ ಮುಖವನ್ನೇ ನೋಡಿದಳು. ಇದೂ ಯಾವುದೋ ಪರೀಕ್ಷೆಯೇ ಎಂಬ ಅನುಮಾನ ಅವಳ ಕಣ್ಣಲ್ಲಿ ಎದ್ದು ಕಾಣುತ್ತಿತ್ತು.

ಅವನು ನಿಧಾನ ಹೊರಟ. ಮೊದಲ ಗುಂಡಿ ದಾಟಿತು, ಏನೂ ಇಲ್ಲ. ಎರಡನೆಯದೂ ದಾಟಿತು. ಮೂರನೆಯದರಲ್ಲಿ, ಅವನಿಗೆ ಏನೂ ಗೊತ್ತಾಗದಷ್ಟು ಸಣ್ಣ ಗುಂಡಿಯಲ್ಲಿ, ಬೆನ್ನಿಗೆ ಗುದ್ದು ಬಿತ್ತು. ಜೋರಾಗಿಯೇ ಬಿತ್ತು.

"ಇದೂ ಬೇಡ ಬಿಡು," ಎಂದು ಮಹದೇವಪ್ಪ ಅಲ್ಲಿಂದಲೇ ಬೈಕು ತಿರುಗಿಸಿದ.