ಹುಲಿಗೆಮ್ಮಕ್ಕ ಕಟ್ಟಿದ ಹಾಡು

ನಾಟಕ ಕಂಪನಿ ಒಮ್ಮೆ ಸಿಂಧನೂರಿಗೆ ಬಂದು ಡೇರೆ ಹಾಕಿತೆಂದರೆ ಸುಗ್ಗಿ ಮುಗಿಯುವ ತನಕ ಕದಲುತ್ತಿರಲಿಲ್ಲ, ಅಂಥ ಕಾಲ ಅದು. ನನಗೆ ಆಗ ಹತ್ತು ವರ್ಷ. ಊರ ತುಂಬ ರೈಸ್ ಮಿಲ್ಲುಗಳಿಂದ ಬರುವ ಬೆಂದ ಭತ್ತದ ವಾಸನೆ. ಆ ವರ್ಷ ಕಂಪನಿಯ ಪೇಟಿ ಬಾರಿಸುವ ಹುಲಿಗೆಮ್ಮಕ್ಕ ನಮ್ಮ ಮನೆಯ ಮುಂದಿನ ಕೋಣೆಗೆ ಬಾಡಿಗೆಗೆ ಬಂದರು.

ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತೇವೆ. ಅದರ ಮುಂದೆ ಗಂಡಸರೇ ಕೂರುತ್ತಿದ್ದರು. ಹುಲಿಗೆಮ್ಮಕ್ಕ ಬಾರಿಸುವುದಷ್ಟೇ ಅಲ್ಲ, ನಾಟಕದ ಹಾಡುಗಳಿಗೆಲ್ಲ ಧಾಟಿಯನ್ನೂ ತಾವೇ ಕಟ್ಟುತ್ತಿದ್ದರು. ಈ ಭಾಗದಲ್ಲಿ ಹಾಗೆ ಮಾಡಿದ ಬೇರೆ ಹೆಂಗಸನ್ನು ತಾನು ಕಂಡಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಕರಪತ್ರದಲ್ಲಿ ಮಾತ್ರ ‘ಸಂಗೀತ’ ಎಂಬುದರ ಮುಂದೆ ಕಂಪನಿ ಮಾಲೀಕರ ಹೆಸರಿರುತ್ತಿತ್ತು.

ಹೊಸ ಧಾಟಿಯನ್ನು ಅವರು ಮೊದಲು ಓಣಿಯ ಮಕ್ಕಳಿಗೆ ಕೇಳಿಸುತ್ತಿದ್ದರು. ಮರುದಿನ ಕುಂಟಬಿಲ್ಲೆ ಆಡುವಾಗ ನಾವು ಅದನ್ನು ಗುನುಗಿದರೆ ಉಳಿಯಿತು, ಇಲ್ಲದಿದ್ದರೆ ಹೋಯಿತು.

“ಯಾಕ ಬಿಟ್ರಿ ಅಕ್ಕಾ, ಅದು ಚಲೋ ಇತ್ತಲ್ಲ?” ಎಂದು ಒಮ್ಮೆ ಕೇಳಿದೆ.

“ನಿಮ್ಮ ಬಾಯಾಗ ಒಂದ್ ದಿನ ನಿಂದರಲಿಲ್ಲ ಬೇ. ಟಿಕೇಟ್ ತಗೊಂಡು ಬಂದವ್ರ ಬಾಯಾಗ ಎಲ್ಲಿ ನಿಂದರತೈತಿ?”

ಒಂದು ಸಂಜೆ ನನ್ನ ತಲೆಗೆ ಎಣ್ಣೆ ಹಚ್ಚಿ ಜಡೆ ಹೆಣೆಯುತ್ತ ಒಂದು ಹಾಡು ಕಟ್ಟಿದರು. ತಾಯಿ ಮಗಳಿಗೆ ಜಡೆ ಹಾಕುವ ಸನ್ನಿವೇಶಕ್ಕೆ. ವಾರದೊಳಗೆ ಅದು ಮಿರ್ಚಿ ಬಂಡಿಯವನ ಬಾಯಲ್ಲೂ ಇತ್ತು.

ಸುದ್ದಿ ತಿಳಿದು ಬೆಂಗಳೂರಿನಿಂದ ಸಿನಿಮಾದವರೊಬ್ಬರು ಬಂದರು. ಮಾಲೀಕರೇ ಅವರನ್ನು ನಮ್ಮ ಓಣಿಗೆ ಕರೆತಂದರು. ಅಂಗಳದಲ್ಲಿ ನಾನು ಅದೇ ಹಾಡು ಹಾಡುತ್ತ ಕುಂಟಬಿಲ್ಲೆ ಆಡುತ್ತಿದ್ದೆ.

“ಯಾರಮ್ಮ ಕಟ್ಟಿದ್ದು ಈ ಹಾಡು?” ಎಂದು ಸಿನಿಮಾದವರು ಕೇಳಿದರು.

ಮಾಲೀಕರು ನನ್ನನ್ನೇ ನೋಡಿದರು. ಬರುವ ಶನಿವಾರದಿಂದ ನಾಟಕದ ಆ ಮಗಳ ಪಾತ್ರ ನನಗೇ ಎಂದು ಅವರು ಹಿಂದಿನ ದಿನವಷ್ಟೇ ಹೇಳಿದ್ದರು.

“ಹೇಳವ್ವ, ಅಂಜಬ್ಯಾಡ,” ಎಂದರು.

“ಮಾಲೀಕರು ಕಟ್ಟ್ಯಾರ್ರಿ,” ಎಂದೆ.

ತಿರುಗಿದರೆ ಹುಲಿಗೆಮ್ಮಕ್ಕ ಬಾಗಿಲಲ್ಲಿದ್ದರು. ಬಂದವರಿಗೆಂದು ಮಂಡಕ್ಕಿ ನೆನೆಸಿ ಮಂಡಾಳ ಒಗ್ಗರಣೆ ಕಲಸಿ ತಂದಿದ್ದರು. ತಾಟನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದರು.

ಶನಿವಾರ ನಾನು ಬಣ್ಣ ಹಚ್ಚಿಕೊಂಡು ನಿಂತೆ. ಎರಡು ಕಡೆ ಸಾಲು ಮರೆತೆ. ಎರಡೂ ಕಡೆ ಅವರ ಪೇಟಿ ನನಗಾಗಿ ಕಾದು, ನನ್ನನ್ನು ಮತ್ತೆ ಹಾಡಿಗೆ ಹತ್ತಿಸಿತು. ನನ್ನ ಮುಖವನ್ನು ಮಾತ್ರ ಅವರು ನೋಡಲಿಲ್ಲ. ಸುಗ್ಗಿ ಮುಗಿಯುವ ಮೊದಲೇ ಕಂಪನಿ ಬಿಟ್ಟು ಹೋದರು.

ಆ ಹಾಡು ಸಿನಿಮಾದಲ್ಲಿ ಮಾಲೀಕರ ಹೆಸರಲ್ಲೇ ಬಂತು. ಅಕ್ಕ ಬೇರೆ ಕಂಪನಿಗಳಿಗೆ ಧಾಟಿ ಕಟ್ಟುತ್ತ ಊರೂರು ತಿರುಗಿದರು. ಕೆಲವು ವರ್ಷಗಳ ಮೇಲೆ ಲಿಂಗಸುಗೂರು ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಒಂದು ಸಿನಿಮಾ ಪೋಸ್ಟರ್ ಕಂಡೆ. ‘ಸಂಗೀತ: ಹುಲಿಗೆಮ್ಮ’ ಎಂದಿತ್ತು. ಪಕ್ಕದಲ್ಲಿ ನಿಂತವರು, “ಹಾಡಿದಾಕಿ ಇರಬೇಕು, ತಪ್ಪು ಛಾಪಿಸ್ಯಾರ,” ಎಂದು ಮಾತಾಡಿಕೊಂಡರು. ಅಲ್ಲ, ಅದು ಅವರದೇ ಸಂಗೀತ ಎಂದು ಹೇಳಲು ನನಗೆ ಆಗಲೂ ಬಾಯಿ ಬರಲಿಲ್ಲ. ಸಿನಿಮಾ ನಾಲ್ಕು ದಿನ ಓಡಿತು. ಮತ್ತೆ ಯಾರೂ ಅವರನ್ನು ಕರೆಯಲಿಲ್ಲ.

ಹೋದ ವರ್ಷ ಅಕ್ಕ ಮಸ್ಕಿಯಲ್ಲಿ ತಮ್ಮನ ಮನೆಯಲ್ಲಿದ್ದಾರೆಂದು ತಿಳಿದು ಹುಡುಕಿಕೊಂಡು ಹೋದೆ. ಹೆಸರು ಹೇಳಿದೊಡನೆ ಗುರುತು ಹಿಡಿದರು. ಅವರು ಪೇಟಿ ಮುಟ್ಟಿ ಬಹಳ ದಿನವಾಗಿತ್ತು.

“ಅಕ್ಕಾ, ಅವತ್ತು ನಾ ಸುಳ್ಳು ಹೇಳಿದೆ,” ಎಂದೆ.

“ಖರೇ ಹೇಳಿದ್ರೂ ಅವರು ನನ್ನ ಕರೀತಿದ್ದಿಲ್ಲ ಬಿಡು,” ಎಂದರು. ಮತ್ತೆ, “ಆದ್ರ ನಿನ್ನ ಬಾಯಿಲೆ ನನ್ನ ಹೆಸರು ಕೇಳಬೇಕಂತ ಅಲ್ಲಿ ನಿಂತಿದ್ದೆ ಬೇ,” ಎಂದರು.

ಈ ಚಳಿಗಾಲದಲ್ಲಿ ಅವರು ತೀರಿಕೊಂಡರು. ಅವರ ಹೆಸರಿದ್ದ ಆ ಒಂದು ಸಿನಿಮಾ ಎಲ್ಲೂ ಸಿಗುವುದಿಲ್ಲ. ನಾಟಕದ ಹಾಡುಗಳನ್ನು ಯಾರೂ ಮುದ್ರಿಸಿಡಲಿಲ್ಲ. ಜಡೆಯ ಹಾಡನ್ನಾದರೂ ಉಳಿಸೋಣವೆಂದು ಮೊನ್ನೆ ಮೊಬೈಲ್ ಮುಂದಿಟ್ಟುಕೊಂಡು ಹಾಡಲು ಕೂತೆ. ಬಾಯಿಗೆ ಬಂದದ್ದು ಬೆಂಗಳೂರಿನವರು ತಮ್ಮ ಸಿನಿಮಾಕ್ಕೆಂದು ಬದಲಾಯಿಸಿದ ಧಾಟಿ. ಅಕ್ಕ ಕಡೆಯ ಸಾಲಿನಲ್ಲಿ ಸ್ವರವನ್ನು ಮೆಲ್ಲಗೆ ಕೆಳಗಿಳಿಸಿ ಒಂದು ತಿರುವು ಕೊಡುತ್ತಿದ್ದರು. ಆ ತಿರುವು ಎಲ್ಲಿತ್ತೆಂದು ಈಗಲೂ ಬೆರಳಿಟ್ಟು ತೋರಿಸಬಲ್ಲೆ. ಹೇಗಿತ್ತೆಂಬುದು ಮಾತ್ರ ಮರೆತುಹೋಗಿದೆ.